ಒಂಬತ್ತು ತಿಂಗಳೆಂಬ ಲೆಕ್ಕ

ಹೆಣ್ಣಿನ ಒಂದೊಂದು ಅವಸ್ಥೆಗೂ ಕನ್ನಡದಲ್ಲಿ ಒಂದೊಂದು ಮಾತುಂಟು. ಮೊದಲ ಸಲ ಗರ್ಭ ನಿಂತವಳು ಚೊಚ್ಚಲ ಬಸುರಿ. ದಿನ ತುಂಬಿದವಳು ತುಂಬು ಬಸುರಿ. ಹೆತ್ತು ಹೆಚ್ಚು ದಿನವಾಗದವಳು ಹಸಿ ಬಾಣಂತಿ. ಅವಳು ತಿನ್ನಲು ಆಸೆಪಡುವುದು ಬಯಕೆ, ಅವಳಿಗೆ ತವರಿನವರು ಮಾಡುವ ಉಪಚಾರ ಬಾಣಂತನ. ಆದರೆ ಮಗುವಾಗಲೆಂದು ಹಂಬಲಿಸುತ್ತಿರುವ, ಇನ್ನೂ ಬಸುರಿಯಾಗದ ಹೆಣ್ಣನ್ನು ಕರೆಯಲು ಈ ಭಾಷೆ ಸಿದ್ಧವಾಗಿಟ್ಟುಕೊಂಡಿರುವ ಹೆಸರು ಒಂದೇ: ಬಂಜೆ. ಮದುವೆಯಾಗಿ ಎರಡು ವರ್ಷ ಕಳೆಯುವುದರೊಳಗೆ ನೆರೆಹೊರೆಯ ನಾಲಗೆಯ ತುದಿಗೆ ಬಂದು ನಿಲ್ಲುವ ಈ ಕ್ರೂರ ಶಬ್ದ ಹೆಂಗಸನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ; ಗಂಡನನ್ನಲ್ಲ.

ಹೆಸರಿಲ್ಲದ ಅವಸ್ಥೆಗೆ ಆರೈಕೆಯೂ ಇಲ್ಲ. ಬಸುರೆಂಬುದು ಒಂಬತ್ತು ತಿಂಗಳ ವ್ಯವಹಾರವೆಂದು ಮನೆಯವರು ಎಣಿಸುತ್ತಾರೆ. ಆ ಒಂಬತ್ತರಲ್ಲಿಯೂ ಮೊದಲ ಮೂರನ್ನು ದೃಷ್ಟಿಯಾದೀತೆಂದು ಗುಟ್ಟಾಗಿಟ್ಟು, ಏಳನೆಯದರಲ್ಲಿ ಸೀಮಂತ ಮಾಡಿ, ಹೆರಿಗೆಯಾದೊಡನೆ ಮಗುವಿನ ಕಡೆಗೆ ಮುಖ ತಿರುಗಿಸುತ್ತಾರೆ. ವೈದ್ಯಶಾಸ್ತ್ರದ ಲೆಕ್ಕ ಇದಲ್ಲ. ಅದು ಗರ್ಭ ನಿಲ್ಲುವುದಕ್ಕೆ ಕೆಲವು ತಿಂಗಳು ಮೊದಲೇ ಪ್ರಾರಂಭವಾಗಿ ಹೆರಿಗೆಯಾದ ಆರು ತಿಂಗಳ ಮೇಲೆಯೂ ನಡೆಯುತ್ತದೆ. ತಪ್ಪಿಸಬಹುದಾದ ಅನೇಕ ಸಂಕಟಗಳು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಹುಟ್ಟುತ್ತವೆ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಕಬ್ಬು, ಭತ್ತ, ರಾಗಿಯ ಸೀಮೆ. ನಾಗಮಂಗಲದಿಂದಲೂ ಕೃಷ್ಣರಾಜಪೇಟೆಯಿಂದಲೂ ಸೊಸೆಯಂದಿರನ್ನು ತಂದುಕೊಳ್ಳುವ ಊರುಗಳು. ಇಲ್ಲಿನ ಹೆಣ್ಣುಮಕ್ಕಳು ಅನೇಕರು ಈಗ ಮೈಸೂರು, ಬೆಂಗಳೂರುಗಳಲ್ಲಿ ಸಂಸಾರ ಹೂಡಿದ್ದಾರೆ; ಆದರೂ ಚೊಚ್ಚಲ ಹೆರಿಗೆಗೆ ತವರಿಗೇ ಬರುತ್ತಾರೆ. ಮಗಳು ತನ್ನೊಡನೆ ನಗರದ ಡಾಕ್ಟರ ಚೀಟಿಯನ್ನು ತರುತ್ತಾಳೆ. ತಾಯಿ ತನ್ನ ತಾಯಿಯಿಂದ ಕಲಿತ ಪಥ್ಯವನ್ನು ಹಿಡಿದಿರುತ್ತಾಳೆ. ಇವೆರಡೂ ಒಂದೇ ಅಡಿಗೆಮನೆಯಲ್ಲಿ ಎದುರಾಗುತ್ತವೆ. ಪ್ರತಿಸಲವೂ ಚೀಟಿಯೇ ಸರಿ, ಪಥ್ಯವೇ ತಪ್ಪು ಎನ್ನುವಂತಿಲ್ಲ. ಯಾವುದನ್ನು ಎಲ್ಲಿ ಬಿಡಬೇಕೆಂಬುದೇ ಪ್ರಶ್ನೆ.

ಹಂಬಲದ ಕಾಲವನ್ನು ಮೊದಲು ನೋಡೋಣ. ಒಂದು ವರ್ಷ ಒಟ್ಟಿಗೆ ಸಂಸಾರ ಮಾಡಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ ೩೫ ವರ್ಷ ದಾಟಿದ್ದರೆ ಆರು ತಿಂಗಳಿಗೇ ಕಾಣಬೇಕು. ಕಾಣಬೇಕಾದವರು ಇಬ್ಬರು. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಕಾರಣದ ಒಂದು ಭಾಗವಾದರೂ ಗಂಡಸಿನಲ್ಲಿರುತ್ತದೆ. ವೀರ್ಯಪರೀಕ್ಷೆ ನೋವಿಲ್ಲದ್ದು, ಹೆಚ್ಚು ಖರ್ಚಿನದೂ ಅಲ್ಲ. ಹಾಗಿದ್ದೂ ಹೆಂಡತಿ ನಾಗರಕಲ್ಲಿಗೆ ಪ್ರದಕ್ಷಿಣೆ ಬಂದು, ಹರಕೆ ಹೊತ್ತು, ಸ್ಕ್ಯಾನು ಮಾಡಿಸಿಕೊಂಡು, ಗರ್ಭನಾಳದ ಎಕ್ಸ್‌ರೇ ತೆಗೆಸಿಕೊಂಡು ಸುಸ್ತಾದ ಮೇಲೆಯೇ ಗಂಡನ ಸರದಿ ಬರುವುದುಂಟು. ಸರದಿ ಬಂದಾಗಲೂ ಅವನು ಕೋಪಿಸಿಕೊಳ್ಳುವುದುಂಟು. ಹೆಂಗಸಿನ ಕಡೆಯಲ್ಲಿ ನೋಡಬೇಕಾದವು ಮುಟ್ಟಿನ ಏರುಪೇರು, ಥೈರಾಯಿಡ್, ಸಕ್ಕರೆ, ಗರ್ಭನಾಳ ಮುಚ್ಚಿಕೊಂಡಿದೆಯೇ ಎಂಬುದು. ನಮ್ಮ ದೇಶದಲ್ಲಿ ಕ್ಷಯವು ಶ್ವಾಸಕೋಶವನ್ನು ಬಿಟ್ಟು ಗರ್ಭನಾಳದಲ್ಲಿ ಸದ್ದಿಲ್ಲದೆ ಕುಳಿತು ಅದನ್ನು ಮುಚ್ಚುವುದೂ ಉಂಟು. ಇನ್ನೊಂದು ಸಣ್ಣ ವಿಷಯ: ತಿಂಗಳಲ್ಲಿ ಗರ್ಭ ನಿಲ್ಲಲು ಅನುಕೂಲವಾದ ದಿನಗಳು ಸುಮಾರು ಆರು ಮಾತ್ರ. ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ ೧೪ ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಆ ದಿನ ಮತ್ತು ಅದರ ಹಿಂದಿನ ಐದು ದಿನ. ವಾರಕ್ಕೊಮ್ಮೆ ಊರಿಗೆ ಬಂದು ಹೋಗುವ ಗಂಡಂದಿರ ಮನೆಗಳಲ್ಲಿ ‘ದೋಷ’ವೆಂದು ಶಂಕಿಸಲ್ಪಡುವುದು ಕೆಲವೊಮ್ಮೆ ಬರಿಯ ಪಂಚಾಂಗದ ವಿಷಯವಾಗಿರುತ್ತದೆ.

ಈ ಕಾಲದಲ್ಲಿಯೇ ಪ್ರಾರಂಭಿಸಬೇಕಾದ ಒಂದು ಮಾತ್ರೆಯುಂಟು. ಅದರ ಹೆಸರು ಫೋಲಿಕ್ ಆಮ್ಲ. ಭ್ರೂಣದ ಬೆನ್ನುಹುರಿಯೂ ಮಿದುಳೂ ರೂಪುಗೊಳ್ಳುವ ನಾಳ ಗರ್ಭ ನಿಂತ ೨೮ ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಬೆನ್ನೆಲುಬಿನ ಸೀಳಿನೊಡನೆಯೋ ತಲೆಬುರುಡೆಯೇ ಬೆಳೆಯದೆಯೋ ಹುಟ್ಟುತ್ತದೆ. ೨೮ ದಿನವೆಂದರೆ ಮುಟ್ಟು ತಪ್ಪಿ ಎರಡು ವಾರ. ಎಷ್ಟೋ ಮಂದಿಗೆ ತಾವು ಬಸುರಿಯೆಂಬುದೇ ಇನ್ನೂ ಖಚಿತವಾಗಿರುವುದಿಲ್ಲ. ಗುಟ್ಟಿನ ಮೂರು ತಿಂಗಳು ಕಳೆದು ಆಸ್ಪತ್ರೆಗೆ ಹೋಗುವ ವೇಳೆಗೆ ಆ ಬಾಗಿಲು ಎಂದೋ ಮುಚ್ಚಿರುತ್ತದೆ. ೧೯೯೧ರಲ್ಲಿ ಪ್ರಕಟವಾದ, ಏಳು ದೇಶಗಳಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ಅಂಥ ಮಗುವನ್ನು ಒಮ್ಮೆ ಹೆತ್ತಿದ್ದ ತಾಯಂದಿರು ಮುಂದಿನ ಬಸುರಿಗೆ ಮೊದಲೇ ಫೋಲಿಕ್ ಆಮ್ಲ ಸೇವಿಸಿದಾಗ ಈ ದೋಷ ನೂರಕ್ಕೆ ೭೨ರಷ್ಟು ಕಡಿಮೆಯಾಯಿತು. ಸಾಧಾರಣ ಹೆಂಗಸಿಗೆ ದಿನಕ್ಕೆ ೪೦೦ ಮೈಕ್ರೋಗ್ರಾಂ ಸಾಕು. ಹಿಂದೆ ಅಂಥ ಮಗುವಾಗಿದ್ದವರಿಗೆ ಇದಕ್ಕಿಂತ ಹೆಚ್ಚು ಬೇಕು, ಅದನ್ನು ವೈದ್ಯರೇ ಹೇಳಬೇಕು.

ಈ ವಸ್ತುವಿನ ಕಥೆ ಭಾರತದಲ್ಲಿಯೇ ಮೊದಲಾದದ್ದು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು ಬಡ ಬಸುರಿಯರ ರಕ್ತಹೀನತೆಯ ಕಾರಣವನ್ನು ಹುಡುಕಲು ತೊಡಗಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಆ ರಕ್ತಹೀನತೆ ಗುಣವಾಗುವುದೆಂದು ಕಂಡುಕೊಂಡರು. ಆ ಸಾರದಲ್ಲಿದ್ದ ಸತ್ವವನ್ನು ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ‘ಎಲೆ’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಹೆಸರಾಯಿತು. ಎಲೆಯ ಸತ್ವ ನೀರಿನಲ್ಲಿ ಕರಗುವಂಥದು. ಸೊಪ್ಪು ಬೇಯಿಸಿ ನೀರು ಚೆಲ್ಲುವವರು ಅದರ ಬಹುಭಾಗವನ್ನು ಬಚ್ಚಲಿಗೆ ಸುರಿಯುತ್ತಾರೆ. ಮಂಡ್ಯದ ಸೀಮೆಯ ಹೆಂಗಸರು ಯಾವ ರಸಾಯನಶಾಸ್ತ್ರವನ್ನೂ ಓದದೆ ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿದರು. ಮುದ್ದೆಯ ಜೊತೆಗೆ ಅದು ಒಳ್ಳೆಯ ಊಟ. ಆದರೂ ಬಸ್ಸಾರನ್ನು ನಂಬಿ ಮಾತ್ರೆಯನ್ನು ಬಿಡುವಂತಿಲ್ಲ. ಬೇಯಿಸುವಾಗಲೇ ಸತ್ವದ ಒಂದು ಪಾಲು ನಾಶವಾಗುತ್ತದೆ.

ಇನ್ನು ರಕ್ತದ ಮಾತು. ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ ೪೦ರಿಂದ ೫೦ರಷ್ಟು ಏರುತ್ತದೆ. ಇಡೀ ಬಸುರಿಗೆ ಬೇಕಾಗುವ ಕಬ್ಬಿಣ ಸುಮಾರು ಒಂದು ಗ್ರಾಂ. ಒಂದು ಗ್ರಾಂ ಎಂದರೆ ಎಷ್ಟು ಮಹಾ ಎನಿಸಬಹುದು. ಊಟದಲ್ಲಿರುವ ಕಬ್ಬಿಣದಲ್ಲಿ ದೇಹಕ್ಕೆ ಹತ್ತುವುದು ಅಲ್ಪಾಂಶ ಮಾತ್ರವಾದ್ದರಿಂದ ಆ ಒಂದು ಗ್ರಾಂ ದೊಡ್ಡ ಸಾಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು ೪೫ ಮಂದಿ ರಕ್ತಹೀನರೆಂದು ಕಂಡಿತು. ಹಿಮೋಗ್ಲೋಬಿನ್ ೧೧ ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ೭ಕ್ಕಿಂತ ಇಳಿದರೆ ಅಪಾಯ, ಮಾತ್ರೆಗೆ ಕಾಯುವ ಸ್ಥಿತಿಯಲ್ಲ. ಬರಿಗಾಲಿನಲ್ಲಿ ಗದ್ದೆಗಿಳಿಯುವವರಿಗೆ ಕೊಕ್ಕೆಹುಳುವೂ ಸೇರಿ ರಕ್ತ ಹೀರುತ್ತದೆ. ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನಬೇಕೆನಿಸುವ ಬಯಕೆಯನ್ನು ಹಿರಿಯರು ಮುಗುಳ್ನಗೆಯಿಂದ ಕಾಣುತ್ತಾರೆ. ಅದು ಎಷ್ಟೋ ಸಲ ಕಬ್ಬಿಣ ಸಾಲದ ದೇಹದ ಕೂಗು. ಮಾವಿನಕಾಯಿಯ ಬಯಕೆಯನ್ನು ತೀರಿಸಿ. ಮಣ್ಣಿನ ಬಯಕೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ.

ಸರ್ಕಾರ ಕೊಡುವ ಮಾತ್ರೆಯಲ್ಲಿ ೬೦ ಮಿಲಿಗ್ರಾಂ ಕಬ್ಬಿಣ, ಅರ್ಧ ಮಿಲಿಗ್ರಾಂ ಫೋಲಿಕ್ ಆಮ್ಲವಿರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ೧೮೦ ದಿನ. ಹೆರಿಗೆಯ ಮೇಲೆ ಮತ್ತೆ ೧೮೦ ದಿನ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಂಬ ಭಯ ಇನ್ನೂ ಮನೆಮನೆಯಲ್ಲಿದೆ. ಕಪ್ಪಾಗುವುದು ಮಲ ಮಾತ್ರ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ನಿಂಬೆಹಣ್ಣಿನ ಹುಳಿ ಕಬ್ಬಿಣವನ್ನು ಒಳಕ್ಕೆ ಕರೆತರುತ್ತದೆ. ಕಾಫಿ, ಚಹಾ ಅದನ್ನು ಬಾಗಿಲಲ್ಲೇ ತಡೆಯುತ್ತವೆ. ಸುಣ್ಣದ ಸತ್ವದ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ಮಂಡ್ಯದ ಬೆಲ್ಲದಲ್ಲಿ ಕಬ್ಬಿಣವಿರುವುದು ನಿಜ. ಆದರೆ ಬೆಲ್ಲ ತಿಂದು ಈ ಸಾಲ ತೀರಿಸಲು ಹೊರಟವಳು ಸಕ್ಕರೆಕಾಯಿಲೆಯ ಸಾಲವನ್ನು ಹೊತ್ತು ತಂದಾಳು.

ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಸಣ್ಣ ಮಗುವೇ ಸುಖ ಎಂಬ ಮಾತಿನಿಂದ ಕೊನೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡಿಸುವ ಮನೆಗಳುಂಟು. ಈ ಮಾತಿಗೆ ಉತ್ತರ ಮೈಸೂರಿನಲ್ಲಿಯೇ ದೊರೆತಿದೆ. ೧೯೦೬ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅಲ್ಲಿನ ದಾದಿಯರು ೧೯೩೪ರಿಂದಲೂ ಹುಟ್ಟಿದ ಒಂದೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಹೀಗೆ ಬರೆದವರಿಗೆ ಅದು ದಿನನಿತ್ಯದ ಕೆಲಸ. ಆ ಪುಸ್ತಕಗಳು ಮುಂದೊಂದು ದಿನ ಲೋಕದ ವಿದ್ವಾಂಸರನ್ನು ಕರೆತರುವುವೆಂದು ಯಾರೂ ಎಣಿಸಿರಲಾರರು. ೧೯೯೦ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಮೈಸೂರಿನ ವೈದ್ಯರೂ ಸೇರಿ, ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ್ದ ೫೧೭ ಮಂದಿಯನ್ನು ಹುಡುಕಿ ತೆಗೆದು ಅವರ ಹೃದಯವನ್ನು ಪರೀಕ್ಷಿಸಿದರು. ಫಲಿತಾಂಶ ೧೯೯೬ರಲ್ಲಿ ಪ್ರಕಟವಾಯಿತು. ೪೫ ವರ್ಷ ದಾಟಿದವರ ಪೈಕಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು, ೩.೧ ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩. ಬಸುರಿನಲ್ಲಿ ಹಸಿದ ತಾಯಿಯ ಮಗು ಐವತ್ತು ವರ್ಷಗಳ ಮೇಲೆ ಅದರ ಬೆಲೆ ತೆರಬಹುದೆಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷ್ಯ ಬೇರೆಲ್ಲಿ ಸಿಕ್ಕೀತು? ಸಾಧಾರಣ ಮೈಕಟ್ಟಿನ ಹೆಂಗಸು ಬಸುರಿನಲ್ಲಿ ಹತ್ತು ಹನ್ನೆರಡು ಕಿಲೋ ತೂಕ ಏರಬೇಕು. ೨೦೧೭ರಲ್ಲಿ ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆಯ ಹೆಸರಿನಲ್ಲಿ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದ್ದು ಇದೇ ಕಾರಣಕ್ಕಾಗಿ.

ತುಂಬ ತಿನ್ನಿಸುವುದೂ ಮದ್ದಲ್ಲ. ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ಬಸುರಿಯರ ಸಕ್ಕರೆಯನ್ನು ಅಳೆದಾಗ ನೂರಕ್ಕೆ ಆರು ಮಂದಿಗೆ ಬಸುರಿನ ಸಕ್ಕರೆಕಾಯಿಲೆಯಿದ್ದುದು ಕಂಡುಬಂದಿತು. ಗ್ಲೂಕೋಸು ಕುಡಿಸಿ ನೋಡುವ ಈ ಪರೀಕ್ಷೆಯನ್ನು ಬಸುರು ತಿಳಿದ ಕೂಡಲೇ ಒಮ್ಮೆ, ೨೪ರಿಂದ ೨೮ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಬೇಕು. ಎರಡನೆಯ ವಾಯಿದೆ ಸರಿಯಾಗಿ ಸೀಮಂತದ ಕಾಲಕ್ಕೇ ಬೀಳುತ್ತದೆ. ಆರತಿ, ಹಸಿರು ಬಳೆ, ಐದು ಬಗೆಯ ಸಿಹಿ ಎಲ್ಲವೂ ಸೊಗಸೇ. ಆ ವಾರದ ಪಟ್ಟಿಯಲ್ಲಿ ಪರೀಕ್ಷೆಗೂ ಒಂದು ದಿನವಿರಲಿ. ಸಿಹಿಯೂಟಕ್ಕೆ ಮೊದಲೇ ಇದ್ದರೆ ಇನ್ನೂ ಮೇಲು.

ರಕ್ತದೊತ್ತಡದ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಏಕೆಂದರೆ ನೋವಿಲ್ಲ. ೧೪೦/೯೦ ಮುಟ್ಟಿದರೆ ಎಚ್ಚರ ಬೇಕು. ಮುಖ, ಕೈ ಬಾತುಕೊಳ್ಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಕಾದರೆ ಮುಂದಿನದು ಸೆಳವು. ಬಸುರಿ ಸೆಳೆದುಕೊಂಡು ಬಿದ್ದಾಗ ‘ಗಾಳಿ ಸೋಕಿತು’ ಎಂದು ಮಂತ್ರಿಸುವವನನ್ನು ಕರೆತರಲು ಹೋಗುವ ಗಂಟೆಯಲ್ಲಿ ಮೆಗ್ನೀಸಿಯಂ ಸಲ್ಫೇಟಿನ ಸೂಜಿಮದ್ದು ತಾಯಿಮಕ್ಕಳನ್ನು ಉಳಿಸಬಹುದಾಗಿತ್ತು.

ತವರಿಗೆ ಹೊರಡುವವರು ಬಟ್ಟೆಯ ಪೆಟ್ಟಿಗೆಗಿಂತ ಮೊದಲು ತಾಯಿ ಕಾರ್ಡನ್ನೂ ಪರೀಕ್ಷೆಯ ಕಾಗದಗಳನ್ನೂ ಕಟ್ಟಿಕೊಳ್ಳಬೇಕು. ಏಳು ತಿಂಗಳು ನೋಡಿದ ವೈದ್ಯರು ಒಂದೂರಿನಲ್ಲಿ, ಹೆರಿಗೆ ಮಾಡಿಸುವವರು ಇನ್ನೊಂದೂರಿನಲ್ಲಿ. ನಡುವೆ ಒತ್ತಡದ ಅಂಕಿಯೋ ರಕ್ತದ ಗುಂಪೋ ಕಳೆದುಹೋದರೆ ಅದನ್ನು ನಡುರಾತ್ರಿ ಹುಡುಕುವವರಾರು? ತವರಿಗೆ ಬಂದ ವಾರದಲ್ಲೇ ಅಲ್ಲಿನ ಆಸ್ಪತ್ರೆಗೆ ಹೋಗಿ ಹೆಸರು ಬರೆಸುವುದು, ರಾತ್ರಿ ಯಾವ ವಾಹನ ದೊರೆಯುವುದೆಂದು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಏನೂ ಇಲ್ಲದಿದ್ದರೆ ೧೦೮.

ಇಲ್ಲಿಯೇ ಹೇಳಬೇಕಾದ ಒಂದು ಕಹಿ ಸಂಗತಿಯಿದೆ. ೨೦೨೩ರಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದುದು ಹೊರಬಿತ್ತು. ೧೯೯೪ರ ಕಾಯಿದೆಯಂತೆ ಅದು ಅಪರಾಧ. ಹೆಣ್ಣೆಂದು ತಿಳಿದು ನಾಲ್ಕನೆಯ ಐದನೆಯ ತಿಂಗಳಲ್ಲಿ ಕದ್ದು ತೆಗೆಸಿದ ಬಸುರು ತಾಯಿಯ ರಕ್ತವನ್ನೂ ಗರ್ಭಕೋಶವನ್ನೂ ಎಷ್ಟೋ ಸಲ ಪ್ರಾಣವನ್ನೂ ಕೇಳುತ್ತದೆ. ಮಗು ಗಂಡೋ ಹೆಣ್ಣೋ ಎಂಬುದನ್ನು ನಿಶ್ಚಯಿಸುವುದು ತಂದೆಯ ವೀರ್ಯಾಣುವೆಂದು ಶಾಲೆಯ ಪಾಠದಲ್ಲಿದೆ. ಬೈಗುಳ ಮಾತ್ರ ಸೊಸೆಗೆ.

ಹೆರಿಗೆಯಾಯಿತು, ಗಂಡಾಂತರ ಕಳೆಯಿತು ಎಂದು ಎಲ್ಲರೂ ಉಸಿರು ಬಿಡುವ ಗಳಿಗೆಯೇ ನಿಜವಾಗಿ ಕಣ್ಣಿಟ್ಟು ಕಾಯಬೇಕಾದ ಗಳಿಗೆ. ೨೦೧೮–೨೦ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೬೯ ತಾಯಂದಿರು ತೀರಿಕೊಂಡರು, ಕೇರಳದಲ್ಲಿ ೧೯. ಇಂಥ ಸಾವುಗಳ ಮುಖ್ಯ ಕಾರಣಗಳಲ್ಲಿ ಒಂದು ಹೆರಿಗೆಯ ನಂತರದ ರಕ್ತಸ್ರಾವ. ರಕ್ತ ತುಂಬಿದ ಮೈ ತಡೆದುಕೊಳ್ಳುವ ಸ್ರಾವವನ್ನು ರಕ್ತಹೀನಳ ಮೈ ತಡೆಯದು. ಬಟ್ಟೆ ಗಂಟೆಗೊಂದರಂತೆ ನೆನೆದರೆ, ಜ್ವರ ಬಂದರೆ, ಸ್ರಾವಕ್ಕೆ ದುರ್ವಾಸನೆಯಿದ್ದರೆ, ಒಂದು ಕಾಲಿನ ಮೀನಖಂಡ ಬಾತು ನೋಯತೊಡಗಿದರೆ, ಉಸಿರು ಕಟ್ಟಿದರೆ ತಡಮಾಡಬಾರದು.

ಬಾಣಂತನದ ಕಟ್ಟಳೆಗಳಲ್ಲಿ ಹಿರಿಯರಿಗೆ ಕೈಮುಗಿಯಬೇಕಾದವು ಕೆಲವಿವೆ. ಮನೆಗೆಲಸದಿಂದ ಹಲವು ವಾರಗಳ ಬಿಡುವು, ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವ ಕೈಗಳು, ತುಪ್ಪ, ಮೆಂತ್ಯ, ಅಂಟಿನ ಉಂಡೆ; ನಗರದ ಎಷ್ಟೋ ತಾಯಂದಿರಿಗೆ ಇವು ಕನಸು. ಬಿಡಬೇಕಾದವು ಬೇರೆ. ನೀರು ಕುಡಿದರೆ ಹೊಟ್ಟೆ ದಪ್ಪವಾಗುವುದೆಂದು ಬಾಣಂತಿಯನ್ನು ಬಾಯಾರಿಸುವ ಪದ್ಧತಿಯಿಂದ ಹೊಟ್ಟೆ ಕರಗುವುದಿಲ್ಲ. ಮಲಬದ್ಧತೆಯೂ ಉರಿಮೂತ್ರವೂ ಬರುತ್ತವೆ. ಸೊಪ್ಪು ಶೀತ, ಬೇಳೆ ವಾಯು, ಹಣ್ಣು ನಂಜು ಎಂದು ಒಂದೊಂದಾಗಿ ತೆಗೆದುಹಾಕಿ ಬರಿಯ ಅನ್ನ ಮೆಣಸಿನ ಸಾರಿನ ಮೇಲೆ ನಿಲ್ಲಿಸುವುದು, ರಕ್ತ ಕಳೆದುಕೊಂಡವಳಿಗೆ ರಕ್ತವಾಗುವ ವಸ್ತುಗಳನ್ನೇ ಮುಚ್ಚಿಟ್ಟಂತೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಹಾಕುವುದು ಪ್ರಾಣಾಪಾಯ. ಕೆಂಡದಿಂದ ಹೊರಡುವ ವಿಷವಾಯುವಿಗೆ ವಾಸನೆಯೇ ಇರುವುದಿಲ್ಲ. ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು. ಮರುದಿನದಿಂದಲೇ ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು.

ಹಸು ಕರು ಹಾಕಿದಾಗ ಗಿಣ್ಣುಹಾಲನ್ನು ಬೆಲ್ಲ ಹಾಕಿ ಕಾಯಿಸಿ ನೆರೆಮನೆಗೂ ಹಂಚುವ ಜನ, ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಾರೆ. ಅದು ಮಗುವಿನ ಮೊದಲ ರಕ್ಷೆ. ಹುಟ್ಟಿದ ಒಂದು ಗಂಟೆಯೊಳಗೆ ಅದರ ಬಾಯಿಗೆ ಸೇರಬೇಕು. ಹಾಲೂಡಿಸುವ ತನಕ ಮತ್ತೆ ಬಸುರಾಗದು ಎಂಬ ನಂಬಿಕೆಯೂ ಪೂರ್ತಿ ನಂಬತಕ್ಕದ್ದಲ್ಲ. ಮುಟ್ಟು ಮರಳುವುದಕ್ಕೆ ಮೊದಲೇ ಅಂಡ ಬಿಡುಗಡೆಯಾಗಬಹುದು. ಎರಡು ವರ್ಷವಾದರೂ ತಡೆದು ಮುಂದಿನ ಬಸುರಿಗೆ ಅಣಿಯಾದರೆ ದೇಹದ ಸಾಲ ತೀರಲು ಅವಕಾಶವಾಗುತ್ತದೆ.

‘ಬಾಣಂತಿ ಸನ್ನಿ’ ಎಂಬ ಒಂದೇ ಹೆಸರಿನಡಿ ಹಿಂದಿನವರು ಹಲವು ಕಾಯಿಲೆಗಳನ್ನು ಸೇರಿಸಿದ್ದರು: ಸೋಂಕಿನ ಜ್ವರದ ಕನವರಿಕೆ, ಒತ್ತಡದ ಸೆಳವು, ಹೆರಿಗೆಯ ಮೇಲೆ ಕೆಲವರಿಗೆ ಹಠಾತ್ತಾಗಿ ಬರುವ ಬುದ್ಧಿಭ್ರಮಣೆ. ಮೂರಕ್ಕೂ ಬೇರೆ ಬೇರೆ ಔಷಧವಿದೆ. ಬೇವಿನ ಸೊಪ್ಪಿನ ಏಟು ಯಾವುದಕ್ಕೂ ಔಷಧವಲ್ಲ. ಇವಲ್ಲದೆ ಸದ್ದಿಲ್ಲದ ಇನ್ನೊಂದುಂಟು. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಂಕು ಹರಿಯದೆ, ನಿದ್ದೆ ಬಾರದೆ, ಮಗುವಿನ ಮುಖ ನೋಡಲೂ ಮನಸ್ಸಿಲ್ಲದಿದ್ದರೆ ಅದು ಸೋಮಾರಿತನವಲ್ಲ, ಸೊಕ್ಕಲ್ಲ, ಕಾಯಿಲೆ. ಹೆಣ್ಣುಮಗು ಹುಟ್ಟಿದ್ದಕ್ಕೆ ಮನೆಯವರ ಮುಖ ಸಣ್ಣದಾಗಿದ್ದರೆ ಆ ಕಾಯಿಲೆ ಬೇಗ ಬೇರೂರುತ್ತದೆ. ಗಂಡನಾದವನು ತವರಿಗೆ ಬಂದಾಗ ಮಗುವನ್ನು ಎತ್ತಿಕೊಳ್ಳುವುದಕ್ಕೆ ಮೊದಲು ಹೆಂಡತಿಯನ್ನು ‘ನೀನು ಹೇಗಿದ್ದೀಯೆ?’ ಎಂದು ಕೇಳಲಿ. ಕೇಳಿ, ಉತ್ತರ ಬರುವವರೆಗೆ ಕುಳಿತಿರಲಿ.

ಬಸುರಿನಲ್ಲಿ ಸಕ್ಕರೆಕಾಯಿಲೆ ಬಂದಿದ್ದವರಿಗೆ ಹೆರಿಗೆಯಾದೊಡನೆ ಅದು ಇಳಿದುಹೋದಂತೆ ಕಾಣುತ್ತದೆ, ಚೀಟಿಯನ್ನು ಮರೆತುಬಿಡುತ್ತಾರೆ. ಮೈಸೂರಿನ ಆಸ್ಪತ್ರೆಯ ಆ ತಾಯಂದಿರನ್ನು ಐದು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿದಾಗ, ಬಸುರಿನಲ್ಲಿ ಸಕ್ಕರೆಯಿದ್ದವರ ಪೈಕಿ ಮೂರರಲ್ಲಿ ಒಬ್ಬರಿಗೂ ಹೆಚ್ಚು ಮಂದಿಗೆ ಶಾಶ್ವತವಾದ ಸಕ್ಕರೆಕಾಯಿಲೆ ಬಂದಿತ್ತು. ಇಲ್ಲದಿದ್ದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಆದ್ದರಿಂದ ಹೆರಿಗೆಯ ಆರನೆಯ ವಾರದಲ್ಲಿ, ಮಗುವಿಗೆ ಲಸಿಕೆ ಹಾಕಿಸಲು ಹೋಗುವ ದಿನವೇ, ತಾಯಿಯೂ ಗ್ಲೂಕೋಸಿನ ಪರೀಕ್ಷೆ, ರಕ್ತದೊತ್ತಡ, ಹಿಮೋಗ್ಲೋಬಿನ್ ಮೂರನ್ನೂ ಮಾಡಿಸಿಕೊಂಡು ಬರುವುದು. ಸಕ್ಕರೆಯನ್ನು ಆಮೇಲೆಯೂ ವರ್ಷಕ್ಕೊಮ್ಮೆ ನೋಡಿಸುವುದು.